ಅಟ್ಟಕ್ಕೆ ಏರಿಸಬೇಡ, ಬಳಸುವವರ ಕೈಗೆ ಕೊಡು

ಮಡಿಕೇರಿ,
ಏಪ್ರಿಲ್ ಮೊದಲ ವಾರ

ಪ್ರೀತಿಯ ತಂಗೀ,

ಕಲಬುರಗಿಯಲ್ಲಿ ಕೆಲಸ ಸಿಕ್ಕಿದ ಸುದ್ದಿ ಓದಿ ತುಂಬ ಸಂತೋಷವಾಯಿತು. ಜೂನ್ ಮೊದಲ ವಾರ ಸೇರಬೇಕು, ಸಿಕ್ಕ ಕೋಣೆ ಚಿಕ್ಕದು, ಅಜ್ಜನ ಕನ್ನಡ ಟೈಪ್‌ರೈಟರು, ಹಲಸಿನ ಮರದ ಮೇಜು, ನಾಲ್ಕು ಕಪಾಟು ಪುಸ್ತಕ, ಇಂಕ್ ಪೆನ್ನುಗಳು, ಇವನ್ನೆಲ್ಲ ಏನು ಮಾಡಲಿ ಎಂದು ಕೇಳಿದ್ದೀಯ. ಸದ್ಯಕ್ಕೆ ಟ್ರಂಕಿಗೆ ತುಂಬಿ, ಊರಿನ ಮನೆಯ ಅಟ್ಟಕ್ಕೆ ಏರಿಸಿ ಬೀಗ ಹಾಕುತ್ತೇನೆ ಎಂದೂ ಬರೆದಿದ್ದೀಯ. ಅದೊಂದನ್ನು ಮಾಡಬೇಡ ಎನ್ನುವುದಕ್ಕೇ ಈ ಕಾಗದ.

ಅಟ್ಟ ಒಂದು ಕಾಲಕ್ಕೆ ಒಳ್ಳೆಯ ಜಾಗವೇ. ಕೆಳಗೆ ದಿನವಿಡೀ ಒಲೆ ಉರಿಯುತ್ತಿತ್ತು, ಬಿಸಿ ಮತ್ತು ಹೊಗೆ ಮೇಲೇರಿ ಅಲ್ಲಿಟ್ಟದ್ದನ್ನು ಒಣಗಿಸಿಡುತ್ತಿತ್ತು. ಈಗ ಗ್ಯಾಸ್ ಒಲೆ. ಅದರ ಮೇಲೆ ಮನೆಗೆ ಬೀಗ ಹಾಕಿದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಒಂದು ಕಿಟಕಿಯೂ ತೆರೆಯುವುದಿಲ್ಲ. ಗಾಳಿಯಲ್ಲಿನ ತೇವಾಂಶ ಶೇ. 65 ದಾಟಿ ಕೆಲವು ದಿನ ಹಾಗೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯಲು ಶುರು. ನಮ್ಮ ಮಳೆಗಾಲದಲ್ಲಿ ಅದು ವಾರಗಟ್ಟಲೆ ಅದಕ್ಕಿಂತ ಎಷ್ಟೋ ಮೇಲೆ ಇರುತ್ತದೆ. ತಗಡಿನ ಟ್ರಂಕು ಇನ್ನೂ ಕೆಟ್ಟದ್ದು. ರಾತ್ರಿ ತಗಡು ತಣ್ಣಗಾದಾಗ ಒಳಗಿನ ತೇವ ಮುಚ್ಚಳದ ಒಳಬದಿಗೆ ಹನಿಯಾಗಿ ನಿಂತು ಮೇಲಿನ ಪುಸ್ತಕಗಳ ಮೇಲೆಯೇ ಇಳಿಯುತ್ತದೆ. ಇದರ ಜೊತೆಗೆ ಗೆದ್ದಲು. ಆಯುಧ ಪೂಜೆಗೆ ರಜೆ ಹಾಕಿ ಬಂದು ಟ್ರಂಕು ತೆರೆದರೆ ಬೆನ್ನು ಬಿಟ್ಟ ಪುಸ್ತಕ, ತುಕ್ಕು ಹಿಡಿದ ಟೈಪ್‌ರೈಟರಿನ ಅಚ್ಚುಗಳು ಸಿಗುತ್ತವೆ. ಕೊಡಗಿನ ಮಳೆಯಲ್ಲಿ ನೋಡಿಕೊಳ್ಳುವವರಿಲ್ಲದ ವಸ್ತು ಉಳಿಯುವುದಿಲ್ಲ. ಆದ್ದರಿಂದ ನಿನ್ನ ಮುಂದೆ ಇರುವ ದಾರಿ ಎರಡೇ: ಜೊತೆಗೆ ಒಯ್ಯುವುದು, ಇಲ್ಲವೇ ಬಳಸುವವರ ಕೈಗೆ ಕೊಡುವುದು.

ಉಪಕರಣಗಳ ಮೇಲೆ ಇಷ್ಟು ಮೋಹ ಇರಬಾರದೇನೋ ಎಂದು ಸಂಕೋಚಪಟ್ಟುಕೊಂಡಿದ್ದೀಯ. ಅದೇಕೆ? ಆಯುಧಗಳ ಹಬ್ಬವಾದ ಕೈಲ್ ಮುಹೂರ್ತದ ದಿನ ಕೋವಿ, ಕತ್ತಿಗಳನ್ನು ಒರೆಸಿಟ್ಟು ತೋಕ್‌ಪೂ ಎಂಬ ಹೂ ಮುಡಿಸುವ ನಾಡು ನಮ್ಮದು. ಮೋಹ ಇರಲಿ. ಆದರೆ ಕೋವಿಯನ್ನಾದರೂ ಒರೆಸಿ ಎಣ್ಣೆ ಹಾಕುವವರಿದ್ದರೆ ಮಾತ್ರ ಅದು ಕೋವಿಯಾಗಿ ಉಳಿಯುತ್ತದೆ.

ಮೊದಲು ತೂಕದ ಲೆಕ್ಕ. ಕೊಡಗಿಗೆ ರೈಲಿಲ್ಲ, ಮೈಸೂರಿಗೆ ಹೋಗಿ ರೈಲು ಹತ್ತಬೇಕು. ಸ್ಲೀಪರ್ ಟಿಕೆಟ್‌ಗೆ 40 ಕೆ.ಜಿ. ಸಾಮಾನು ಉಚಿತ. ಬಟ್ಟೆ, ಪಾತ್ರೆಗೆ 14, ಲ್ಯಾಪ್‌ಟಾಪು ಮತ್ತು ನೋಟ್‌ಬುಕ್ಕುಗಳಿಗೆ 6 ಎಂದು ಬಿಟ್ಟರೆ ಪುಸ್ತಕಕ್ಕೆ 20 ಕೆ.ಜಿ. ಉಳಿಯುತ್ತದೆ. ಇನ್ನೂರು ಪುಟದ ಡೆಮಿ ಅಳತೆಯ ಪುಸ್ತಕ ಸುಮಾರು 250 ಗ್ರಾಂ ತೂಗುತ್ತದೆ. ಅಂದರೆ ಎಪ್ಪತ್ತರಿಂದ ಎಂಬತ್ತು ಪುಸ್ತಕ. ಕಡಿಮೆಯೇನಲ್ಲ. ಆರಿಸುವಾಗ ಯಾವುದು ಹೆಚ್ಚು ಇಷ್ಟ ಎಂದು ಕೇಳಿಕೊಳ್ಳಬೇಡ, ಆ ಪ್ರಶ್ನೆಗೆ ಉತ್ತರ ಸಿಗದು. ಇದು ಅಲ್ಲಿಯ ಗ್ರಂಥಾಲಯದಲ್ಲೋ ಅಂಗಡಿಯಲ್ಲೋ ಅಂತರ್ಜಾಲದಲ್ಲೋ ಸಿಗುತ್ತದೆಯೇ ಎಂದು ಕೇಳು. 1894ರ ಕಿಟೆಲ್ ನಿಘಂಟು ಸ್ಕ್ಯಾನ್ ಆಗಿ ಎಲ್ಲರಿಗೂ ಸಿಗುತ್ತದೆ. ಆದರೆ ಅಂಚಿನಲ್ಲಿ ನೀನು ನಮ್ಮ ಕೊಡಗಿನ ಅರೆಭಾಷೆ, ಕೊಡವ ತಕ್ಕ್ (ಕೊಡವ ಭಾಷೆ) ಇವುಗಳ ಸಮಾನ ಪದಗಳನ್ನು ಪೆನ್ಸಿಲಿನಲ್ಲಿ ಬರೆದುಕೊಂಡಿರುವ ಚಿಕ್ಕ ನಿಘಂಟು ಇನ್ನೆಲ್ಲೂ ಇಲ್ಲ. ಚಿಕ್ಕದನ್ನು ಒಯ್ಯಿ, ದೊಡ್ಡದನ್ನು ಕೊಟ್ಟುಬಿಡು.

ಯಾವುದನ್ನು ಕೊಡುವ ಮುಂಚೆಯೂ ಅದರಲ್ಲಿ ನಿನ್ನದು ಮಾತ್ರ ಆದದ್ದನ್ನು ಹೊರತೆಗೆದುಕೋ. ಅತಿ ಹೆಚ್ಚು ಸಮಯ ಬೇಡುವುದು ಈ ಕೆಲಸವೇ. ಅಂಚಿನ ಟಿಪ್ಪಣಿ ಇರುವ ಪುಟಗಳನ್ನು, ಹಳೆಯ ನೋಟ್‌ಬುಕ್ಕುಗಳನ್ನು ಹಗಲು ಬೆಳಕಿನಲ್ಲಿ, ಕಿಟಕಿಯ ಪಕ್ಕ, ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆ. ಫ್ಲ್ಯಾಶ್ ಹಾಕಿದರೆ ಪೆನ್ಸಿಲ್ ಗೆರೆ ಹೊಳೆದು ಓದಲು ಬರುವುದಿಲ್ಲ. ಫೈಲಿಗೆ ಮೊದಲು ವರ್ಷ, ಆಮೇಲೆ ನೋಟ್‌ಬುಕ್ಕಿನ ಸಂಖ್ಯೆ, ಆಮೇಲೆ ಪುಟ ಎಂದು ಹೆಸರಿಡು. ಪುಟವನ್ನು 7 ಎಂದು ಬರೆಯದೆ 007 ಎಂದು ಬರೆ, ಇಲ್ಲದಿದ್ದರೆ 10ನೇ ಪುಟ 2ನೆಯದಕ್ಕಿಂತ ಮೊದಲು ಬಂದು ಕೂರುತ್ತದೆ. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಅಂತರ್ಜಾಲದಲ್ಲಿ ಇರಲಿ. ಪೆನ್‌ಡ್ರೈವ್ ಸಾಗಿಸಲು ಸರಿ, ವರ್ಷಗಟ್ಟಲೆ ಇಡಲು ನಂಬಬೇಡ. ಪತ್ರಿಕೆಯ ತುಣುಕುಗಳನ್ನು ಒಳ್ಳೆಯ ಹಾಳೆಗೆ ಜೆರಾಕ್ಸ್ ಮಾಡಿಸಿಕೋ. ಸುದ್ದಿಕಾಗದದಲ್ಲಿರುವ ಆಮ್ಲ ಅದನ್ನು ಹಳದಿ ಮಾಡಿ ಪುಡಿಯಾಗಿಸುತ್ತದೆ, ಒತ್ತಿಕೊಂಡಿರುವ ಪಕ್ಕದ ಹಾಳೆಗೂ ಕಲೆ ಹತ್ತಿಸುತ್ತದೆ.

ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕತೆಗಳಿವೆ ಎಂದಿದ್ದೀಯಲ್ಲ, ಅವನ್ನು ಈಗಲೇ ಯೂನಿಕೋಡ್‌ಗೆ ಬದಲಿಸಿಕೋ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ರಾಶಿ ಕಾಣಿಸುತ್ತದೆ. ಬದಲಿಸುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಆದರೆ ಅದು ಮಾಡಿಕೊಟ್ಟದ್ದನ್ನು ಕಣ್ಣು ಮುಚ್ಚಿ ನಂಬಬೇಡ. ನಡುವೆ ಇಂಗ್ಲಿಷ್ ಪದ ಬರೆದಿದ್ದರೆ ಅದನ್ನೂ ನುಡಿಯ ಸಂಕೇತವೆಂದೇ ತಿಳಿದು ಅರ್ಥವಿಲ್ಲದ ಕನ್ನಡವಾಗಿ ಮಾಡಿಟ್ಟಿರುತ್ತದೆ. ಅರ್ಕಾವತ್ತು, ಉದ್ಧರಣ ಚಿಹ್ನೆ, ಅಡ್ಡಗೆರೆ ಇವೂ ಕೆಡುತ್ತವೆ. ಮೂಲ ಫೈಲು, ಯೂನಿಕೋಡ್ ಫೈಲು, ಮೂಲ ಫಾಂಟಿನಲ್ಲೇ ಮಾಡಿದ ಪಿಡಿಎಫ್ ಮೂರನ್ನೂ ಇಟ್ಟುಕೋ. ಮುಂದೆ ಅನುಮಾನ ಬಂದಾಗ ಪಿಡಿಎಫ್ ನೋಡಿ ತಿದ್ದಬಹುದು.

ಕರಡುಗಳ ವಿಷಯದಲ್ಲಿ ಕರುಣೆ ತೋರಿಸಬೇಡ. ಪ್ರತಿ ಕತೆಗೂ ಹೆಚ್ಚು ತಿದ್ದುಪಡಿ ಇರುವ ಒಂದು ಕರಡು, ಸಂಪಾದಕರ ಪತ್ರ, ಅಚ್ಚಾದ ಪ್ರತಿ ಸಾಕು.

ಇನ್ನು ಟೈಪ್‌ರೈಟರು. ಮನಸ್ಸು ಹೆಚ್ಚು ಹಿಡಿದಿರುವುದು ಅದರಲ್ಲೇ ಎಂದು ಗೊತ್ತು. ಕಚೇರಿ ಗಾತ್ರದ ಯಂತ್ರವೊಂದೇ ನಿನ್ನ ಪುಸ್ತಕದ ಪಾಲನ್ನು ಹೆಚ್ಚುಕಡಿಮೆ ತಿಂದುಬಿಡುತ್ತದೆ. ಗೋದ್ರೆಜ್ ತಯಾರಿಕೆ ನಿಲ್ಲಿಸಿ ಹತ್ತು ವರ್ಷದ ಮೇಲಾಯಿತು, ಬಿಡಿಭಾಗಗಳು ಬರುವುದು ಹಳೆಯ ಯಂತ್ರಗಳಿಂದಲೇ. ಹೀಗಾಗಿ ಗುಜರಿಗೆ ತೂಕದ ಮೇಲೆ ಹಾಕಬೇಡ, ಹೋಟೆಲಿನ ಮೂಲೆಯಲ್ಲಿ ಅಲಂಕಾರಕ್ಕಿಡುವವರಿಗೂ ಕೊಡಬೇಡ. ಬೆರಳಚ್ಚು ತರಬೇತಿ ಕೇಂದ್ರ ಹುಡುಕು. ಪರೀಕ್ಷಾ ಮಂಡಳಿಯ ಕನ್ನಡ ಬೆರಳಚ್ಚು ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವವರಿಗೆ ಕೆಲಸ ಮಾಡುವ ಕನ್ನಡ ಯಂತ್ರ ಬೇಕಾಗುತ್ತದೆ. ಕೋರ್ಟಿನ ಎದುರು ಅರ್ಜಿ, ಅಫಿಡವಿಟ್ ಟೈಪ್ ಮಾಡುವವರನ್ನೂ ವಿಚಾರಿಸು.

ಕೊಡುವ ಮುಂಚೆ ಅಚ್ಚುಗಳ ಮೇಲಿನ ಒಣ ಇಂಕನ್ನು ಗಟ್ಟಿ ಕೂದಲಿನ ಹಲ್ಲುಜ್ಜುವ ಬ್ರಷ್ಷು ಮತ್ತು ಸ್ವಲ್ಪ ಸ್ಪಿರಿಟ್ಟಿನಿಂದ ತೆಗೆ. ಬ್ರಷ್ಷನ್ನು ನಿನ್ನ ಕಡೆಗೆ ಎಳೆ, ಒಳಕ್ಕೆ ತಳ್ಳಿದರೆ ಕೊಳೆ ಅಚ್ಚಿನ ಕಡ್ಡಿಗಳ ಬುಡಕ್ಕೆ ಇಳಿಯುತ್ತದೆ. ಆ ಬುಡದ ಸೀಳುಗಳಿಗೆ ಎಣ್ಣೆ ಮಾತ್ರ ಬಿಡಬೇಡ. ಎಣ್ಣೆಗೆ ಧೂಳು ಅಂಟಿ, ತಿಂಗಳೊಳಗೆ ಅಂಟಾಗಿ, ಒತ್ತಿದ ಕೀ ವಾಪಸು ಬೀಳದಂತಾಗುತ್ತದೆ. ಹೊಲಿಗೆ ಯಂತ್ರದ ತೆಳು ಎಣ್ಣೆ ಒಂದೆರಡು ಹನಿ, ಹಾಳೆ ಹಿಡಿದು ಅತ್ತಿತ್ತ ಸರಿಯುವ ಕ್ಯಾರೇಜು ಓಡುವ ಹಳಿಗೆ ಮಾತ್ರ. ಆಮೇಲೆ ಎಲ್ಲ ಅಕ್ಷರ, ಕಾಗುಣಿತ, ಒತ್ತಕ್ಷರ ಬರುವಂತೆ ಒಂದು ಹಾಳೆ ಪೂರ್ತಿ ಟೈಪ್ ಮಾಡು. ಒತ್ತಕ್ಷರ ತನ್ನ ಜಾಗದಲ್ಲಿ ಕೂರುತ್ತಿದೆಯೇ, ಯಾವ ಕೀ ಸಿಕ್ಕಿಕೊಳ್ಳುತ್ತಿದೆ ಎಂದು ಗುರುತು ಹಾಕಿ ಆ ಹಾಳೆಯನ್ನು ಯಂತ್ರದ ಜೊತೆಗೇ ಕೊಡು. ಸಾಗಿಸುವಾಗ ಕ್ಯಾರೇಜನ್ನು ನಡುವೆ ತಂದು, ಎರಡೂ ಮಾರ್ಜಿನ್ ಕೀಲಿಗಳನ್ನು ಹತ್ತಿರ ಸರಿಸಿ, ದಾರದಿಂದ ಕಟ್ಟು. ಸುಮ್ಮನೆ ಬಿಟ್ಟರೆ ನಮ್ಮ ಘಾಟಿಯ ತಿರುವಿನಲ್ಲಿ ಕ್ಯಾರೇಜು ಅತ್ತಿಂದಿತ್ತ ಬಡಿದು, ಅದನ್ನು ಎಳೆಯುವ ಪಟ್ಟಿ ಹರಿಯುತ್ತದೆ. ಅದು ಹರಿದರೆ ಯಂತ್ರ ಒಂದಕ್ಷರವೂ ಮುಂದೆ ಸರಿಯುವುದಿಲ್ಲ.

ಒಂದು ಮಾತು: ಈ ತಿಂಗಳೇ ಅದರ ಮೇಲೆ ಬಟ್ಟೆ ಹೊದಿಸಿ, ಕಲಬುರಗಿಗೆ ಒಯ್ಯುವ ನೋಟ್‌ಬುಕ್ಕು, ಲ್ಯಾಪ್‌ಟಾಪುಗಳಲ್ಲೇ ಬರೆಯಲು ಶುರುಮಾಡು. ಹೊಸ ಊರು, ಹೊಸ ಕೆಲಸ, ಹೊಸ ಉಪಕರಣ ಮೂರೂ ಒಟ್ಟಿಗೆ ಬಂದರೆ ಬರವಣಿಗೆ ನಿಂತಾಗ ಯಾವುದರಿಂದ ನಿಂತಿತು ಎಂದು ತಿಳಿಯುವುದಿಲ್ಲ.

ಮೇಜನ್ನು ಒಯ್ಯುವ ಆಸೆ ಬಿಡು. ಇಲ್ಲಿಯ ತೇವದಲ್ಲಿ ಹಿಗ್ಗಿ ಕೂತಿರುವ ಹಲಗೆ ಕಲಬುರಗಿಯ ಒಣ ಬಿಸಿಲಿಗೆ ಕುಗ್ಗುತ್ತದೆ. ಸಂದು ಬಿಟ್ಟುಕೊಳ್ಳುತ್ತದೆ, ಅಗಲ ಹಲಗೆಯಾದರೆ ಸೀಳುತ್ತದೆ. ಪಕ್ಕದ ಮನೆಯಲ್ಲಿ ಓದುವ ಮಕ್ಕಳಿದ್ದಾರಲ್ಲ, ಅವರಿಗೆ ಕೊಡು.

ಉಳಿದ ಪುಸ್ತಕಗಳನ್ನು ಏಪ್ರಿಲ್ ಮುಗಿಯುವುದರೊಳಗೆ ಒಣಗಿಸು. ಕಾಫಿಯನ್ನು ಸರಿಯಾಗಿ ಒಣಗಿಸದೆ ಚೀಲ ಕಟ್ಟಿದರೆ ಏನಾಗುತ್ತದೆಂದು ನಿನಗೆ ಹೇಳಬೇಕಿಲ್ಲ, ಪುಸ್ತಕಕ್ಕೂ ಅದೇ ಆಗುವುದು. ನೇರ ಬಿಸಿಲು ಬೇಡ, ರಟ್ಟು ಸೊಟ್ಟಗಾಗುತ್ತದೆ. ಗಾಳಿಯಾಡುವ ಜಗಲಿಯಲ್ಲಿ ಪುಟ ಬಿಡಿಸಿ ನಿಲ್ಲಿಸು, ಸಂಜೆಯ ಮಂಜಿಗೆ ಮುಂಚೆ ಒಳಗಿಡು. ಬೂಷ್ಟು ಹಿಡಿದದ್ದನ್ನು ಬೇರೆಯಿಟ್ಟು, ಮುಖಕ್ಕೆ ಮಾಸ್ಕ್ ಹಾಕಿ, ಅಂಗಳದಲ್ಲಿ ಮೆತ್ತನೆಯ ಬ್ರಷ್ಷಿನಿಂದ ಒರೆಸು. ಹಸಿಯಾಗಿದ್ದಾಗ ಒರೆಸಿದರೆ ಕಲೆ ಹರಡುತ್ತದೆ, ಪೂರ್ತಿ ಒಣಗಿದ ಮೇಲೆಯೇ ಮುಟ್ಟು. ಹುಳು ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿ ಎರಡು ವಾರ ಇಡಬಹುದು. ಇದರಿಂದ ಹುಳು ಸಾಯುತ್ತದೆ, ಬೂಷ್ಟು ಸಾಯುವುದಿಲ್ಲ.

ಕಟ್ಟುವಾಗ ಕಾಫಿ ಗೋಣಿ ಬಳಸಬೇಡ, ಅದು ತೇವ ಹಿಡಿದಿಡುತ್ತದೆ, ಮೂಲೆಗಳು ಮುದುರುತ್ತವೆ. ಐದು ರೀಮು ಎ4 ಹಾಳೆ ಬರುವ ರಟ್ಟಿನ ಪೆಟ್ಟಿಗೆ ಸರಿಯಾದ ಅಳತೆ. ತುಂಬಿದರೆ 12 ಕೆ.ಜಿ. ಆಸುಪಾಸು, ಒಬ್ಬರೇ ಎತ್ತಬಹುದು. ಪುಸ್ತಕ ಮಲಗಿಸಿಡು, ಇಲ್ಲವೇ ಬೆನ್ನು ಕೆಳಗೆ ಮಾಡಿ ಇಡು. ಬೆನ್ನು ಮೇಲಾದರೆ ಪುಟಗಳ ಭಾರ ಹೊಲಿಗೆಯನ್ನು ಜಗ್ಗುತ್ತದೆ. ಪೆಟ್ಟಿಗೆಗೆ ಒಂದು ತುಂಡು ಬಜೆ ಬೇರು ಹಾಕು, ಓಲೆಗರಿ ಕಟ್ಟುಗಳಿಗೆ ಹಿಂದಿನವರು ಹಾಕುತ್ತಿದ್ದದ್ದೇ.

ಯಾರಿಗೆ ಎನ್ನುವುದು ಮುಖ್ಯ. ಕೊಡವ ಭಾಷೆಯ ಪುಸ್ತಕಗಳನ್ನು ಕೊಡವ ಸಾಹಿತ್ಯ ಅಕಾಡೆಮಿಗೆ, ಅರೆಭಾಷೆಯವನ್ನು ಅರೆಭಾಷೆ ಅಕಾಡೆಮಿಗೆ ಮೊದಲು ತೋರಿಸು. ಎರಡೂ ಮಡಿಕೇರಿಯಲ್ಲೇ ಇವೆ. ಕುಟುಂಬದವರು ಅಚ್ಚು ಹಾಕಿಸಿದ ವಂಶಾವಳಿ, ದೇವಸ್ಥಾನದ ಸ್ಮರಣ ಸಂಚಿಕೆ ಇಂಥವು ಕೊಡುವ ಮುಂಚೆ ಸ್ಕ್ಯಾನ್ ಆಗಲೇಬೇಕು, ಅವು ಮತ್ತೆ ಅಚ್ಚಾಗುವುದಿಲ್ಲ. ಕತೆ, ಕಾದಂಬರಿ, ಮಕ್ಕಳ ಪುಸ್ತಕಗಳು ನಿನ್ನೂರಿನ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಹೋಗಲಿ. ಹೆಸರು, ಲೇಖಕರು, ವರ್ಷ ಬರೆದ ಪಟ್ಟಿ ಮೊದಲು ಒಯ್ದು ಕೊಡು, ಬೇಕಾದ್ದನ್ನು ಅವರು ಗುರುತಿಸಲಿ. ಹೇಳದೆ ಕೇಳದೆ ಪೆಟ್ಟಿಗೆ ಇಳಿಸಿ ಬಂದರೆ ಅದು ಅವರ ಮೂಲೆಯಲ್ಲಿ ಕೊಳೆಯುತ್ತದೆ. ಬೂಷ್ಟು ಹಿಡಿದ ಒಂದು ಪುಸ್ತಕವೂ ಅದರಲ್ಲಿ ಇರಕೂಡದು, ಇಡೀ ಕಪಾಟಿಗೆ ಹಬ್ಬಿಸುತ್ತದೆ. ಕೊಟ್ಟ ಮೇಲೆ ಷರತ್ತು ಹಾಕಬೇಡ, ಮುಂದೊಂದು ದಿನ ವಾಪಸು ಕೇಳಲೂ ಬೇಡ.

ಪೆನ್ನುಗಳು ಹಗುರ, ಎರಡನ್ನು ಒಯ್ಯಿ. ಇಂಕು ಚೆಲ್ಲಿ, ನೀರು ತಿಳಿಯಾಗುವ ತನಕ ತೊಳೆದು, ಒಂದು ರಾತ್ರಿ ನಿಬ್ಬು ಕೆಳಗೆ ಮಾಡಿ ಬಟ್ಟೆಯ ಮೇಲೆ ನಿಲ್ಲಿಸು. ಎಬೊನೈಟ್ (ಗಟ್ಟಿ ರಬ್ಬರು) ಪೆನ್ನಿಗೆ ಬಿಸಿನೀರು ತಾಗಿಸಬೇಡ, ಬಣ್ಣ ಕೆಡುತ್ತದೆ. ನೇರವಾಗಿ ಹೊಟ್ಟೆಗೇ ಇಂಕು ತುಂಬುವ ಪೆನ್ನು ಅರ್ಧ ಖಾಲಿಯಾದಾಗ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಇಂಕು ಉಗುಳುತ್ತದೆ. ಕಲಬುರಗಿಯಲ್ಲಿ ಅದನ್ನು ಆಗಾಗ ತುಂಬಿಸಿಕೊಳ್ಳುತ್ತಿರು. ಅಲ್ಲಿ ಮುಚ್ಚಳ ತೆರೆದಿಟ್ಟರೆ ನಿಬ್ಬು ಬೇಗ ಒಣಗುತ್ತದೆ ಎಂಬುದೂ ನೆನಪಿರಲಿ. ತೆರೆದ ಇಂಕಿನ ಬಾಟಲಿಯಲ್ಲಿ ಲೋಳೆ ಅಥವಾ ಕೆಟ್ಟ ವಾಸನೆ ಇದ್ದರೆ ಇಲ್ಲೇ ಚೆಲ್ಲು. ಉಳಿದ ಪೆನ್ನುಗಳನ್ನು ಕೈಯಲ್ಲಿ ಬರೆಯುವ ಗೆಳತಿಯರಿಗೆ ಹಂಚು. ಯಾವ ನಿಬ್ಬು ಯಾವ ಕಾಗದಕ್ಕೆ ಹೊಂದುತ್ತದೆ ಎಂದು ಒಂದು ಚೀಟಿ ಬರೆದಿಡು.

ಟೈಪ್ ಮಾಡಿದ ಆ ಪರೀಕ್ಷೆಯ ಹಾಳೆಯ ಫೋಟೊ ಈ ವಾರವೇ ನನಗೆ ಕಳಿಸು. ಮೈಸೂರಿನ ಬೆರಳಚ್ಚು ಕೇಂದ್ರಗಳಲ್ಲಿ ನಾನೂ ವಿಚಾರಿಸುತ್ತೇನೆ. ಅವರ ಮೊದಲ ಪ್ರಶ್ನೆ ಅದೇ ಆಗಿರುತ್ತದೆ: ಯಾವ ಕೀ ಸಿಕ್ಕಿಕೊಳ್ಳುತ್ತದೆ?

ಪ್ರೀತಿಯಿಂದ,
ನಿನ್ನ ಅಕ್ಕ