ವಿದೇಶಿ ಸೊಸೆ ಮತ್ತು ಇನಿಷಿಯಲ್ ಸಂಕಟ

ಮಾನ್ಯ ಸಂಪಾದಕರೇ,

ನನ್ನ ಮಗ ಕಳೆದ ವರ್ಷ ಜರ್ಮನಿಯ ಯುವತಿಯೊಬ್ಬಳನ್ನು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದ. ವಧೂವರರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಮುನ್ನ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದಿರಬೇಕು, ನೋಟಿಸ್ ಪ್ರಕಟವಾದ ಬಳಿಕ ಆಕ್ಷೇಪಣೆಗಾಗಿ ಇನ್ನೂ 30 ದಿನ ಕಾಯಬೇಕು ಎನ್ನುತ್ತದೆ ಕಾಯ್ದೆ. ಅದಕ್ಕೆ ನಮ್ಮ ತಕರಾರಿಲ್ಲ.

ತೊಡಕಾದದ್ದು ಹೆಸರಿನಲ್ಲಿ. ಆಧಾರ್‌ನಲ್ಲಿ ಮಗನ ಹೆಸರಿನ ಹಿಂದೆ ಊರಿನ ಮತ್ತು ನನ್ನ ಹೆಸರಿನ ಮೊದಲಕ್ಷರಗಳಷ್ಟೇ ಇವೆ. ಪಾಸ್‌ಪೋರ್ಟ್‌ನಲ್ಲಿ ಅವೆರಡೂ ಬಿಡಿಸಿಕೊಂಡು ಮಾರುದ್ದವಾಗಿವೆ. ಕನ್ನಡಿಗರ ಮನೆಗಳಲ್ಲಿ ಇದೇನೂ ಅಪರೂಪವಲ್ಲ. ನೋಂದಣಿ ಕಚೇರಿಯವರು ಆಧಾರ್ ನೋಡಿ ವಿವಾಹ ಪ್ರಮಾಣಪತ್ರ ಕೊಟ್ಟರು. ಸೊಸೆಯ ಪ್ರವಾಸಿ ವೀಸಾವನ್ನು ಬದಲಿಸಿಕೊಳ್ಳಲು ಅರ್ಜಿ ಹಾಕಿದಾಗ, ಪ್ರಮಾಣಪತ್ರದಲ್ಲಿರುವ ವ್ಯಕ್ತಿಯೂ ಪಾಸ್‌ಪೋರ್ಟ್‌ನಲ್ಲಿರುವ ವ್ಯಕ್ತಿಯೂ ಒಬ್ಬರೇ ಎಂಬುದಕ್ಕೆ ವೀಸಾ ಅಧಿಕಾರಿಗಳು ಪುರಾವೆ ಕೇಳಿದರು. ಛಾಪಾ ಕಾಗದದಲ್ಲಿ ಅಫಿಡವಿಟ್ ಬರೆಸಿ, ನೋಟರಿ ಮುದ್ರೆ ಒತ್ತಿಸಿ ಕೊಟ್ಟರೂ, ತಿದ್ದಿದ ಪ್ರಮಾಣಪತ್ರವೇ ಬೇಕೆಂದು ಮೂರು ಸಲ ಮರಳಿಸಿದರು. ತಿದ್ದಬೇಕಾದವರು ‘ಆಧಾರ್‌ನಲ್ಲಿದ್ದಂತೆಯೇ ಬರೆದಿದ್ದೇವಲ್ಲ’ ಎಂದು ಕೈಚೆಲ್ಲಿದರು. ಅತ್ತ ವೀಸಾ ಅವಧಿ ದಿನದಿನಕ್ಕೂ ಕರಗುತ್ತಿತ್ತು.

ನೋಂದಾಯಿತ ವಿವಾಹಕ್ಕೆ ಎರಡು ವರ್ಷ ತುಂಬಿದ ಮೇಲೆ ಸೊಸೆ ಒಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡ್‌ಗೆ ಅರ್ಜಿ ಹಾಕಬಹುದು. ಆಗಲೂ ಮುಂದಿಡಬೇಕಾದದ್ದು ಇದೇ ಪ್ರಮಾಣಪತ್ರವನ್ನು. ಆದ್ದರಿಂದ ವಧೂವರರಲ್ಲಿ ಒಬ್ಬರು ವಿದೇಶಿಯರಾಗಿದ್ದರೆ ಇಬ್ಬರ ಹೆಸರನ್ನೂ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ನಮೂದಿಸಲು ವಿವಾಹಾಧಿಕಾರಿಗಳಿಗೆ ಸರ್ಕಾರ ಸ್ಪಷ್ಟ ಸೂಚನೆ ನೀಡಬೇಕು, ಮತ್ತು ಬೇಕಾಗುವ ದಾಖಲೆಗಳ ಪಟ್ಟಿಯನ್ನು ಕಚೇರಿಯ ಫಲಕದಲ್ಲಿ ಕನ್ನಡದಲ್ಲಿ ಹಾಕಿಸಬೇಕು ಎಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕ, ಬೆಂಗಳೂರು