ಹಳೆಯ ಧಾರಣೆ ತೋರಿಸಿದ ಪುಟದ ಬಗ್ಗೆ ನಮ್ಮ ಚಂದಾದಾರರಿಗೆ

ಮಾನ್ಯ ಚಂದಾದಾರರೇ,

ಬರುವ ಸೋಮವಾರದಿಂದ ನಮ್ಮ ಇಂಟರ್ನೆಟ್ ಸೇವೆಯ, ನೀವು ಕೇಳಿದ ಪುಟವನ್ನು ಹೊರಗಿನಿಂದ ತಂದುಕೊಡುವ ಪ್ರಾಕ್ಸಿ ಸರ್ವರ್‌ನ ನಿಯಮಗಳನ್ನು ಬದಲಾಯಿಸುತ್ತಿದ್ದೇವೆ. ಹಬ್ಬದ ರಜೆ ಮುಗಿದು ಅಡಿಕೆ ಮಾರುಕಟ್ಟೆ ತೆರೆದ ದಿನ, ಧಾರಣೆಯ ಪುಟ ನಿಮ್ಮಲ್ಲಿ ಹಲವರಿಗೆ ರಜೆಗೆ ಮುಂಚಿನ ದರವನ್ನೇ ತೋರಿಸಿತು. ಅದನ್ನು ನಂಬಿ ಅಡಿಕೆ ಮಾರಿದವರಲ್ಲಿ ಕ್ಷಮೆ ಕೇಳುತ್ತೇವೆ.

"ದುಡ್ಡು ಉಳಿಸಲು ಹಳಸಿದ್ದನ್ನು ಬಡಿಸುತ್ತೀರಿ" ಎಂಬ ಮಾತನ್ನು ಕಚೇರಿಯಲ್ಲೂ ಸಂತೆಯಲ್ಲೂ ಕೇಳಿದ್ದೇವೆ. ನಾವು ಬಳಸುವ ಸ್ಕ್ವಿಡ್ ತಂತ್ರಾಂಶವು ಪುಟದ ಪ್ರತಿಯನ್ನು ಇಲ್ಲೇ ಇರಿಸಿಕೊಳ್ಳುತ್ತದೆ. ಆ ಪ್ರತಿ ಎಷ್ಟು ಹೊತ್ತು ತಾಜಾ ಎಂಬುದನ್ನು ಮೂಲ ಸರ್ವರ್, ಅಂದರೆ ಪುಟವನ್ನು ಪ್ರಕಟಿಸುವ ಕಂಪ್ಯೂಟರ್, ತಿಳಿಸಬೇಕು. ಧಾರಣೆಯ ಪುಟ ಅದನ್ನು ತಿಳಿಸಿರಲಿಲ್ಲ. ಅಂಥ ಪುಟಕ್ಕೆ ಸ್ಕ್ವಿಡ್, ಕೊನೆಯ ಬದಲಾವಣೆಯಾಗಿ ಎಷ್ಟು ಕಾಲ ಕಳೆದಿದೆಯೋ ಅದರ ಶೇ. 20ರಷ್ಟನ್ನು, 3 ದಿನ ಮೀರದಂತೆ, ತಾನೇ ಅವಧಿಯೆಂದು ಅಂದಾಜಿಸುತ್ತದೆ. ರಜೆಯಲ್ಲಿ 5 ದಿನ ಬದಲಾಗದಿದ್ದ ಪುಟಕ್ಕೆ ಹೀಗೆ 24 ಗಂಟೆ ಸಿಕ್ಕಿತು. ಅಷ್ಟರಲ್ಲಿ ಹೊಸ ದರ ಬಂದರೂ ನಮ್ಮ ಸರ್ವರ್ ಮೂಲವನ್ನು ವಿಚಾರಿಸಲೇ ಇಲ್ಲ. ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯವಾದೀತು: ನೀವು ರಿಫ್ರೆಶ್ ಒತ್ತಿದರೂ ಲೆಕ್ಕಿಸಬಾರದೆಂಬ ನಿಯಮವನ್ನು ಬರೆದವರು ನಾವೇ, ಅದು ನಮ್ಮ ತಪ್ಪು.

ಅದನ್ನು ಲಾಭಕ್ಕಾಗಿ ಬರೆಯಲಿಲ್ಲ. ಇಲ್ಲಿರುವ ಪ್ರತಿಯನ್ನೇ ಕೊಟ್ಟರೆ ಹೊರಗಿನಿಂದ ತರಿಸುವುದು ಕಡಿಮೆಯಾಗುತ್ತದೆ. ಸಂಜೆ ಎಲ್ಲರೂ ಒಟ್ಟಿಗೆ ಬಳಸುವಾಗ ಎಷ್ಟು ಬ್ಯಾಂಡ್‌ವಿಡ್ತ್ ಬೇಕೋ ಅಷ್ಟನ್ನು ನಾವು ಇಡೀ ತಿಂಗಳಿಗೆ ಕೊಳ್ಳಬೇಕು, ರಾತ್ರಿಯೆಲ್ಲ ಖಾಲಿ ಬಿದ್ದಿದ್ದರೂ ಹಣ ಅಷ್ಟೇ. ಮಳೆಗಾಲದಲ್ಲಿ ಮರ ಬಿದ್ದು ತುಂಡಾದ ಫೈಬರ್ ಜೋಡಿಸುವುದು, ಕರೆಂಟಿಲ್ಲದ ದಿನಗಳ ಡೀಸೆಲ್, ಇವೆಲ್ಲವನ್ನೂ ಚಂದಾ ಏರಿಸದೆ ತೂಗಿಸಿಕೊಂಡು ಬಂದಿದ್ದೇವೆ, ಆ ಹೆಮ್ಮೆ ನಮಗಿದೆ.

ಇನ್ನು ಮುಂದೆ ಅವಧಿ ತಿಳಿಸದ ಯಾವುದೇ ಪುಟವನ್ನು ಕೊಡುವ ಮುನ್ನ ನಮ್ಮ ಸರ್ವರ್, ಆ ಪ್ರತಿಯ ಆವೃತ್ತಿಯನ್ನು ಸೂಚಿಸುವ ಈಟ್ಯಾಗ್ ಗುರುತನ್ನೋ ಕೊನೆಯ ಬದಲಾವಣೆಯ ದಿನಾಂಕವನ್ನೋ ಕಳುಹಿಸಿ, ಬದಲಾಗಿದೆಯೇ ಎಂದು ಪ್ರತಿ ಬಾರಿಯೂ ಮೂಲವನ್ನು ಕೇಳುತ್ತದೆ. ಬದಲಾಗಿಲ್ಲವಾದರೆ 304 ಎಂಬ ಚಿಕ್ಕ ಉತ್ತರವಷ್ಟೇ ಬರುತ್ತದೆ, ಪುಟ ನಮ್ಮಲ್ಲಿಂದಲೇ ಹೋಗುತ್ತದೆ. ಬದಲಾಗಿದ್ದರೆ ಹೊಸದೇ ಬರುತ್ತದೆ. ಮೂಲ ಸರ್ವರ್ ಉತ್ತರಿಸದಿದ್ದರೆ ಹಳೆಯ ಪ್ರತಿಯ ಬದಲು ದೋಷದ ಸೂಚನೆ ಕಾಣುತ್ತದೆ. ರಿಫ್ರೆಶ್ ಒತ್ತಿದರೆ ಪುಟವನ್ನು ಮೂಲದಿಂದಲೇ ತರಿಸುತ್ತೇವೆ. ಕೆಲವು ಪುಟಗಳು ತೆರೆಯಲು ತುಸು ತಡವಾಗಬಹುದು, ಚಂದಾ ಮಾತ್ರ ಏರುವುದಿಲ್ಲ.

ಬ್ಯಾಂಕಿನ ಪುಟಗಳ ಬಗ್ಗೆ ಆತಂಕ ಬೇಡ: ಎಚ್‌ಟಿಟಿಪಿಎಸ್ ಪುಟಗಳು (ವಿಳಾಸ https ಎಂದು ಶುರುವಾಗುವವು) ನಮ್ಮ ಮೂಲಕ ಗೂಢಲಿಪಿಯಲ್ಲಿ ಹಾದುಹೋಗುತ್ತವೆ, ಅವನ್ನು ನಾವು ಓದಲೂ ಆಗದು, ಇರಿಸಿಕೊಳ್ಳಲೂ ಆಗದು.

ಸೋಮವಾರದ ನಂತರವೂ ಹಳೆಯ ಪುಟ ಕಂಡರೆ ಅದರ ವಿಳಾಸ ಮತ್ತು ನೋಡಿದ ಸಮಯವನ್ನು ಕಚೇರಿಗೆ ತಿಳಿಸಿ; ಅಂದೇ ಸರ್ವರ್ ದಾಖಲೆ (ಲಾಗ್) ಪರಿಶೀಲಿಸಿ ನಾನೇ ನಿಮಗೆ ಫೋನ್ ಮಾಡುತ್ತೇನೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ