ಅಂಕಪಟ್ಟಿಯಲ್ಲಿ ಬೈಲಕುಪ್ಪೆಗೂ ಒಂದು ಸಾಲು ಕೊಡಿ

ರಾಜ್ಯದ ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ಟಿಬೆಟನ್ನರು ನೆಲೆಸಿರುವ ಬೈಲಕುಪ್ಪೆಗೆ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಊರೊಂದರಲ್ಲಿ ನಾನು ಪದವಿ ತರಗತಿಗಳಿಗೆ ಕನ್ನಡ ಪಾಠ ಮಾಡುತ್ತೇನೆ. ನಮ್ಮ ಮಕ್ಕಳು ಹೆಚ್ಚಾಗಿ ಹೊಗೆಸೊಪ್ಪು, ಮುಸುಕಿನ ಜೋಳ, ಶುಂಠಿ ಬೆಳೆಯುವ ಮನೆಯವರು. ಪಾಸ್‌ಪೋರ್ಟ್ ಇರುವವರು ನನ್ನ ಕ್ಲಾಸಿನಲ್ಲಿ ಒಬ್ಬರೂ ಇಲ್ಲ.

ಎರಡನೇ ವರ್ಷದ ಬಿ.ಎ. ಹುಡುಗಿಯೊಬ್ಬಳ ವಿಷಯ ಹೇಳಬೇಕು. ಅವಳ ಅಪ್ಪ ಆಟೋ ಓಡಿಸುತ್ತಾರೆ, ಬೈಲಕುಪ್ಪೆಯ ಬೌದ್ಧ ಮಠದ ಗೋಲ್ಡನ್ ಟೆಂಪಲ್ ನೋಡಲು ಬರುವ ಪ್ರವಾಸಿಗಳೇ ಅವರ ಗಿರಾಕಿಗಳು. ಭಾನುವಾರ ಇವಳೂ ಜೊತೆಗೆ ಹೋಗುತ್ತಿದ್ದಳು. ಅಲ್ಲಿ ಇಬ್ಬರು ಕಿರಿಯ ಟಿಬೆಟನ್ ಸನ್ಯಾಸಿನಿಯರ ಪರಿಚಯವಾಯಿತು. ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ ಮಾತಾಡೋಕೆ ಅವರಿಗೆ ಕನ್ನಡ ಬೇಕಿತ್ತು. ಇವಳು ಕಲಿಸಿದಳು. ಬದಲಿಗೆ ಅವರು ತಮ್ಮ ಅಕ್ಷರ ಕಲಿಸಿದರು.

ಒಂದು ಸೋಮವಾರ ಸ್ಟಾಫ್ ರೂಮಿಗೆ ಓಡಿ ಬಂದಳು. "ಮೇಡಂ, ಇವರದ್ದೂ ಕ, ಖ, ಗ, ಙ!"

ನನಗೂ ಗೊತ್ತಿರಲಿಲ್ಲ. ಕೂತು ನೋಡಿದೆವು. ಟಿಬೆಟನ್ ಲಿಪಿಯೂ ನಮ್ಮ ಹಾಗೆ ಬ್ರಾಹ್ಮಿಯ ಕುಲದ್ದೇ. ವ್ಯಂಜನಗಳು 30. ಸಾಲುಗಳ ಜೋಡಣೆ ನಮ್ಮದೇ: ಕ ಸಾಲು, ಚ ಸಾಲು, ತ ಸಾಲು, ಪ ಸಾಲು. ಆದರೆ ಸಾಲಿಗೆ ನಾಲ್ಕೇ ಅಕ್ಷರ. ಘ, ಝ, ಧ, ಭ ಇಲ್ಲ. ಟ, ಠ, ಡ ಸಾಲೂ ಮೂಲ ಅಕ್ಷರಗಳಲ್ಲಿ ಇಲ್ಲ. ಇನ್ನು ನಮ್ಮ ಪಾಪದ ಙ! ವರ್ಣಮಾಲೆ ಒಪ್ಪಿಸುವಾಗ ಬಿಟ್ಟರೆ ನಾವು ಅದನ್ನು ಒಂಟಿಯಾಗಿ ಬಾಯಿಗೆ ತರುವುದೇ ಇಲ್ಲ ಅಲ್ವಾ? ಅವರಲ್ಲಿ ಙ ಅಂದರೆ "ನಾನು". ಇಪ್ಪತ್ತು ವರ್ಷ ವರ್ಣಮಾಲೆ ಹೇಳಿಕೊಟ್ಟ ನಾನು ಆವತ್ತು ಅದರ ಮುಂದೆ ಮತ್ತೆ ವಿದ್ಯಾರ್ಥಿಯಾದೆ.

ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. 1960ರ ದಶಕದ ಶುರುವಿನಲ್ಲಿ ಆಗಿನ ಮೈಸೂರು ಸರ್ಕಾರ ಸುಮಾರು 3000 ಎಕರೆ ಕೊಟ್ಟು ಟಿಬೆಟಿನವರನ್ನು ಇಲ್ಲಿ ನೆಲೆಗೊಳಿಸಿತು. ಆ ಕಾಡು ಕಡಿಯುವ ಕೂಲಿಗೆ ಅವಳ ತಾತನೂ ಹೋಗಿದ್ದರಂತೆ. ತಾತನ ಮಾತು ಒಂದು ಕಡೆ, ಅಲ್ಲಿನ ಹಿರಿಯರ ಮಾತು ಇನ್ನೊಂದು ಕಡೆ ಇಟ್ಟು ನಲವತ್ತು ಪುಟ ಬರೆದಳು. ಆನೆಯ ಕಾಟದ ವಿಷಯದಲ್ಲಿ ಇಬ್ಬರ ಮಾತೂ ಒಂದೇ. ಕೂಲಿ ಎಷ್ಟಿತ್ತು ಅನ್ನುವುದರಲ್ಲಿ ಮಾತ್ರ ಜಗಳ.

ಆಂತರಿಕ ಅಂಕ ಕೊಡುವ ಹೊತ್ತು ಬಂತು. "ಇದನ್ನು ಯಾವ ಕಾಲಂನಲ್ಲಿ ತೋರಿಸೋದು ಮೇಡಂ?" ಎಂದರು ಆಫೀಸಿನವರು. ಅವರ ತಪ್ಪಲ್ಲ, ಕಾಲಂ ನಿಜಕ್ಕೂ ಇರಲಿಲ್ಲ. ಅದೇ ವಾರ ಇನ್ನೊಬ್ಬ ಹುಡುಗ ಎರಡು ದಿನದ ಅಂತರರಾಷ್ಟ್ರೀಯ ವೆಬಿನಾರಿನ ಸರ್ಟಿಫಿಕೇಟ್ ತಂದ. ಅದಕ್ಕೆ ಅಂಕ ಬಿತ್ತು. ಕ್ಯಾಮೆರಾ ಆಫ್ ಮಾಡಿ ಗದ್ದೆಗೆ ನೀರು ಹಾಯಿಸುತ್ತಿದ್ದೆ ಎಂದು ಅವನೇ ನಗುತ್ತಾ ಹೇಳಿದ್ದ.

ಸಚಿವರೇ, "ಜಾಗತಿಕ ಕಲಿಕೆ" ಎಂಬ ಮಾತು ಈಗ ಎಲ್ಲ ಕಡತಗಳಲ್ಲೂ ಇದೆ. ಆದರೆ ಅದನ್ನು ಓದುವವರ ಕಣ್ಣಿಗೆ ಕಾಣುವುದು ವಿಮಾನ ಮಾತ್ರ. ಹೊರದೇಶದಲ್ಲಿ ಓದಲು ಪ್ರಬುದ್ಧ ವಿದ್ಯಾರ್ಥಿವೇತನದಂಥ ಯೋಜನೆ ಇದೆ, ಬಹಳ ಒಳ್ಳೆಯದು, ಅದು ಇನ್ನೂ ಬೆಳೆಯಲಿ. ಹೋಗಲಾಗದ ಉಳಿದವರ ಕಥೆ?

ಯುರೋಪಿನಲ್ಲಿ 1987ರಲ್ಲಿ ಎರಾಸ್ಮಸ್ ಎಂಬ ವಿದ್ಯಾರ್ಥಿ ವಿನಿಮಯ ಯೋಜನೆ ಶುರುವಾಯಿತು. ಅದರಲ್ಲಿ ನನಗೆ ಇಷ್ಟವಾಗಿದ್ದು ಮಕ್ಕಳು ದೇಶ ಸುತ್ತಿದ್ದಲ್ಲ, ಬೇರೆ ಕಡೆ ಕಲಿತದ್ದು ತಮ್ಮ ಊರಿನ ಪದವಿಯ ಲೆಕ್ಕಕ್ಕೆ ಸೇರಿದ್ದು. ಅಂಥ ಲೆಕ್ಕ ನಮಗೂ ಹೊಸದಲ್ಲ. ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, 1969ರಿಂದ ಇದೆ. ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ ಏಳು ದಿನದ ಶಿಬಿರ. ಕ್ಲಾಸಿನ ಹೊರಗಿನ ದುಡಿಮೆಯನ್ನು ಎಣಿಸುವುದು ನಮಗೆ ಗೊತ್ತು. ಕ್ರೆಡಿಟ್ ಕೂಡಿಡಲು 2021ರಿಂದ ಅಕಾಡೆಮಿಕ್ ಬ್ಯಾಂಕ್ ಇದೆ. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್. ಡಬ್ಬಿ ಸಿದ್ಧವಿದೆ, ಇಂಥ ಕಲಿಕೆಯನ್ನು ಹಾಕೋಕೆ ಬಿಡುತ್ತಿಲ್ಲ, ಅಷ್ಟೇ.

ಪಕ್ಕದಲ್ಲೇ ಇರುವ ಬೇರೆ ನಾಡಿನವರ ಜೊತೆ ಹೀಗೆ ಕಲಿತದ್ದಕ್ಕೆ ನಾನು ಕೇಳುವುದು ಎರಡು ಕ್ರೆಡಿಟ್, 60 ಗಂಟೆ. 2024ರಲ್ಲಿ ಪದವಿಯನ್ನು ನಾಲ್ಕು ವರ್ಷದಿಂದ ಮತ್ತೆ ಮೂರಕ್ಕೆ ತಂದ ಸರ್ಕಾರಕ್ಕೆ ಒಂದು ಸಾಲು ಸೇರಿಸುವುದು ಕಷ್ಟವೇ? ಇಂಥದ್ದೇ ಟಿಬೆಟನ್ ನೆಲೆಗಳಿರುವ ಮುಂಡಗೋಡಿನ ಹುಡುಗನಿಗೂ, ಹುಣಸೂರಿನ ಗುರುಪುರದ ಪಕ್ಕದ ಹುಡುಗಿಗೂ ಇದು ಸಿಗಬೇಕು. ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ಹೊರದೇಶದ ವಿದ್ಯಾರ್ಥಿಗಳ ಜೊತೆ ಒಂದೇ ಬೆಂಚಿನಲ್ಲಿ ಕೂತು, ಮೂರು ವರ್ಷ ಬರೀ "ಹಾಯ್" ಅಂದು ಮುಗಿಸುವವರಿಗೂ ಒಂದು ನೆಪ ಸಿಗಬೇಕು.

ಭಯವೂ ಇದೆ. ಕ್ರೆಡಿಟ್ ಅಂದ ಕೂಡಲೇ ಜೆರಾಕ್ಸ್ ಅಂಗಡಿಯಲ್ಲಿ ರೆಡಿಮೇಡ್ ರಿಪೋರ್ಟ್ ಸಿಗುತ್ತದೆ, ನಮ್ಮ ಪ್ರಾಜೆಕ್ಟ್‌ಗಳ ಗತಿ ನೀವೂ ಬಲ್ಲಿರಿ. ಅದಕ್ಕೇ ಸರ್ಟಿಫಿಕೇಟ್ ಬೇಡ, ಸೆಲ್ಫಿ ಬೇಡ. ಕೈಬರಹದ ದಿನಚರಿ ಇರಲಿ, ಮೌಖಿಕ ಪರೀಕ್ಷೆ ಇರಲಿ. ಪರೀಕ್ಷೆಯಲ್ಲಿ ಆ ಕಡೆಯವರೂ ಒಬ್ಬರು ಕೂರಲಿ. ಅವರು ಒಪ್ಪಿದರೆ ಮಾತ್ರ, ಸುಮ್ನೆ ಕ್ಯಾಂಪಿಗೆ ನುಗ್ಗಿ ಪ್ರಶ್ನೆಪಟ್ಟಿ ತುಂಬಿಸಿಕೊಂಡು ಬರುವ ಹಾಗಿಲ್ಲ. ನಮ್ಮ ಕಾಲೇಜುಗಳಲ್ಲಿ ಓದುವ ಟಿಬೆಟನ್ ಮಕ್ಕಳನ್ನೂ ಮರೆಯಬೇಡಿ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಕನ್ನಡ, ಪರೀಕ್ಷೆಗೆ ಇಂಗ್ಲಿಷ್ ಎಂದು ದಿನಾ ಗಡಿ ದಾಟುವವರು ಅವರು. ನಾವು ಕೇಳುವ ಸಾಲು ಎಲ್ಲರಿಗಿಂತ ಜಾಸ್ತಿ ಸಲ್ಲಬೇಕಾದದ್ದು ಅವರಿಗೆ.

ಆ ಹುಡುಗಿ ಪದವಿ ಮುಗಿಸಿದಳು. ಅಂಕಪಟ್ಟಿಯಲ್ಲಿ ಬೈಲಕುಪ್ಪೆಯ ಹೆಸರಿಲ್ಲ. ಅವಳ ನೋಟ್‌ಬುಕ್ ಇನ್ನೂ ನನ್ನ ಬೀರುವಿನಲ್ಲಿದೆ, ಅವಳನ್ನು ಕೇಳಿಯೇ ಇಟ್ಟುಕೊಂಡಿದ್ದೇನೆ. ನಿಮ್ಮ ಇಲಾಖೆಯವರು ನೋಡುವುದಾದರೆ ಕಳಿಸಿಕೊಡುತ್ತೇನೆ. ಓದಿ ವಾಪಸ್ ಕೊಡಬೇಕು. ಮುಂದಿನ ತಿಂಗಳು ಅವಳ ತಾತ ಅದನ್ನು ಓದಿಸಿಕೊಳ್ಳಬೇಕಂತೆ, ಕೂಲಿಯ ಲೆಕ್ಕ ಇನ್ನೂ ಬಗೆಹರಿದಿಲ್ಲ.

ಇಂತಿ,
ಒಬ್ಬ ಕನ್ನಡ ಅಧ್ಯಾಪಕಿ